ಸಾಕ್ಷಿಗೆ ಕಷ್ಟ ಆಗಬಾರದು ಅಂತ ಉತ್ತರ ನಾನೇ ಹೇಳಿಕೊಟ್ಟೆ. ಈಗ ಏನು ಮಾಡಲಿ?

ಹೊಸ ತನಿಖಾಧಿಕಾರಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ತನಿಖೆ ಕೆಲಸಕ್ಕೆ ಬಂದು ಎರಡು ವರ್ಷ ಆಯಿತು. ಕೇಸಿನ ವಿವರಗಳನ್ನು ಬೇಕಂತಲೇ ಬದಲಿಸಿದ್ದೇನೆ. ದಯವಿಟ್ಟು ಯಾವ ಕೇಸು ಅಂತ ಹುಡುಕಲು ಹೋಗಬೇಡಿ.

ಚಾಕು ಇರಿತ. ತಮ್ಮನಿಗೆ ಇರಿದದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಾರೆ. ಮಾರನೇ ದಿನ ಅವರ ಹೇಳಿಕೆಗೆ ಕೂತೆ. ಮೊದಲು ಚೆನ್ನಾಗಿಯೇ ಮಾತಾಡಿದರು. ಗಾಡಿ ನಿಲ್ಲಿಸಿದ್ದು, ಬಾಗಿಲು ತೆಗೆದದ್ದು, ತಮ್ಮ ಎರಡು ಹೆಜ್ಜೆ ಮುಂದೆ ಹೋದದ್ದು, ಎಲ್ಲ ಹೇಳಿದರು. ಆಮೇಲೆ "ಅಷ್ಟರಲ್ಲಿ..." ಅಂದವರು ಅಲ್ಲೇ ನಿಂತುಬಿಟ್ಟರು. ನೋಟ ಮೇಜಿನ ಅಂಚಿನ ಮೇಲೆ. ಒಂದು ಕೈಯ ಹೆಬ್ಬೆರಳಿನಿಂದ ಇನ್ನೊಂದು ಕೈಯ ಉಗುರು ಉಜ್ಜುತ್ತಲೇ ಇದ್ದರು. ನನಗೆ ನೋಡಲಾಗಲಿಲ್ಲ. "ಆಯ್ತು ಬಿಡಿ ಅಕ್ಕ, ಅವನು ಎಡಗಡೆಯಿಂದ ಬಂದ, ಕೈಯಲ್ಲಿ ಚಾಕು ಇತ್ತು, ಅಲ್ವಾ?" ಅಂದೆ. ಅವರು ತಲೆ ಆಡಿಸಿದರು. ಬರೆದುಕೊಂಡೆ.

ಒಂದು ವಾರದ ನಂತರ ಇನ್ನೊಮ್ಮೆ ಮಾತಾಡಿಸಿದಾಗ ಅವರೇ ಹೇಳಿದರು: ಎಡಗಡೆಯಿಂದ ಬಂದ, ಚಾಕು ಕಂಡಿತು. ಯಾವ ಅನುಮಾನವೂ ಇಲ್ಲದ ಹಾಗೆ. ಆದರೆ ಈಗ ಸಿಕ್ಕಿರುವ ಸಿಸಿಟಿವಿಯಲ್ಲಿ ಅವನು ಬಂದದ್ದು ಬಲಗಡೆಯಿಂದ. ನಮ್ಮ ಹಿರಿಯರೊಬ್ಬರು "ಈ ಹೆಂಗಸು ಏನೋ ಮುಚ್ಚಿಡುತ್ತಿದ್ದಾಳೆ" ಅನ್ನುತ್ತಿದ್ದಾರೆ. ಮೊದಲ ದಿನದ ಆಡಿಯೊ ಹಾಕಿ ಕೇಳಿದೆ. ಒಟ್ಟು 41 ನಿಮಿಷ. ಅದರಲ್ಲಿ ನಾನು ಮಾತಾಡಿದ್ದೇ 26 ನಿಮಿಷ. ಎಡಗಡೆ ಅನ್ನುವ ಪದ ಮೊದಲು ಬಂದದ್ದು ನನ್ನ ಬಾಯಿಂದ.

ಅವರು ಸುಳ್ಳು ಹೇಳುತ್ತಿದ್ದಾರಾ? ಇದನ್ನು ಸರಿಮಾಡುವುದು ಹೇಗೆ? ಬೈಯಬೇಕು ಅನಿಸಿದರೆ ಬೈಯಿರಿ, ಆದರೆ ದಾರಿ ಹೇಳಿ.

ಕಪ್ಪುಕೋಟು

ನಾನು ಆರೋಪಿಗಳ ಪರ ವಾದಿಸುವವನು. ನಿಜ ಹೇಳಲಾ? ನಿಮ್ಮ ಆಡಿಯೊ ನನ್ನ ಕೈಗೆ ಸಿಕ್ಕಿದರೆ ಆವತ್ತು ನನಗೆ ಹಬ್ಬ. ಪಾಟೀ ಸವಾಲಿನಲ್ಲಿ ಆ ಅಕ್ಕನ ಹತ್ತಿರ ಮೂರೇ ಪ್ರಶ್ನೆ. ಎಡಗಡೆ ಅಂತ ಮೊದಲು ಹೇಳಿದ್ದು ಯಾರು? ಚಾಕು ಅಂತ ಮೊದಲು ಹೇಳಿದ್ದು ಯಾರು? ನಿಮ್ಮ ಹೇಳಿಕೆಯಲ್ಲಿ ನಿಮ್ಮದು ಅಂತ ಏನಿದೆ? ಅಷ್ಟಕ್ಕೇ ಅವರು ನಿಜವಾಗಿ ಕಂಡದ್ದೂ ನೀರುಪಾಲು.

ನಿಮಗೆ ನನ್ನ ಸಲಹೆ ಒಂದೇ. ಮುಚ್ಚಿಡಬೇಡಿ. ಆಡಿಯೊ ಅಳಿಸಬೇಡಿ. ಹಳೆಯ ಹೇಳಿಕೆ ತಿದ್ದಬೇಡಿ. ಆವತ್ತು ಏನಾಯಿತು, ಯಾವ ಮಾತು ನಿಮ್ಮಿಂದ ಬಂತು ಅಂತ ಇವತ್ತಿನ ದಿನಾಂಕ ಹಾಕಿ ಟಿಪ್ಪಣಿ ಬರೆದು ಕಡತಕ್ಕೆ ಸೇರಿಸಿ. ನೀವಾಗಿಯೇ ಒಪ್ಪಿಕೊಂಡ ತಪ್ಪಿನಿಂದ ನನಗೆ ಜಾಸ್ತಿ ಲಾಭ ಇಲ್ಲ. ನಾನೇ ಅಗೆದು ತೆಗೆದರೆ ಮಾತ್ರ ಇಡೀ ತನಿಖೆಯ ಮೇಲೆ ಅನುಮಾನ ಬರಿಸಬಲ್ಲೆ.

ನೆನಪಿನ ಲ್ಯಾಬ್

ನಾನು ನೆನಪಿನ ಮೇಲೆ ಸಂಶೋಧನೆ ಮಾಡುತ್ತೇನೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಲು ನೀವು ಕೊಟ್ಟ ವಿವರದಲ್ಲಿ ಕಾರಣವೇ ಕಾಣುವುದಿಲ್ಲ. ಎಡಗಡೆ ಅನ್ನುವುದು ಈಗ ಅವರ ಪಾಲಿಗೆ ನಿಜವಾದ ನೆನಪೇ ಆಗಿರಬಹುದು. ಕಂಡದ್ದು ಯಾವುದು, ಆಮೇಲೆ ಕೇಳಿದ್ದು ಯಾವುದು ಅಂತ ತಲೆ ಬೇರೆ ಬೇರೆ ಚೀಟಿ ಅಂಟಿಸಿ ಇಟ್ಟುಕೊಳ್ಳುವುದಿಲ್ಲ.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಮಾಡಿದ ಪ್ರಯೋಗ ತುಂಬ ಜನಕ್ಕೆ ಗೊತ್ತು. ಎಲ್ಲರಿಗೂ ಅವೇ ಅಪಘಾತದ ತುಣುಕುಗಳನ್ನು ತೋರಿಸಿದರು. ಪ್ರಶ್ನೆಯಲ್ಲಿ ಕ್ರಿಯಾಪದ ಮಾತ್ರ ಬೇರೆ. ಕಾರುಗಳು ಒಂದಕ್ಕೊಂದು "ಅಪ್ಪಳಿಸಿದಾಗ" ವೇಗ ಎಷ್ಟಿತ್ತು ಅಂದರೆ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ. "ತಾಗಿದಾಗ" ಅಂದರೆ ಸುಮಾರು 32. ಅದರ ಮುಂದಿನ ಪ್ರಯೋಗ ನಿಮಗೆ ಇನ್ನೂ ಹತ್ತಿರದ್ದು. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂತ ಕೇಳಿದರು. ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ. "ಅಪ್ಪಳಿಸಿದಾಗ" ಅಂತ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಜನ ಹೌದು ಅಂದರು. ವೇಗದ ಪ್ರಶ್ನೆಯನ್ನೇ ಕೇಳದ 50 ಜನರಲ್ಲಿ ಹೌದು ಅಂದವರು 6.

ನಿಮ್ಮ ಕೇಸಿನಲ್ಲೂ ಒಂದು ವಾರವೇ. ವ್ಯತ್ಯಾಸ ಏನು ಅಂದರೆ, ಅಲ್ಲಿ ಬದಲಿಸಿದ್ದು ಒಂದು ಕ್ರಿಯಾಪದ. ನೀವು ಪೂರ್ತಿ ವಾಕ್ಯವನ್ನೇ ಕೊಟ್ಟಿರಿ.

ನೇರಮಾತು

ಲ್ಯಾಬಿನಲ್ಲಿ ಕೂತು ಸಿನಿಮಾ ನೋಡಿದ ವಿದ್ಯಾರ್ಥಿಗಳ ಕಥೆ ಇಲ್ಲಿಗೆ ಯಾಕೆ? ಕಣ್ಣೆದುರು ತಮ್ಮನಿಗೆ ಇರಿದಿದ್ದಾರೆ. ಅಂಥದ್ದು ಕಲ್ಲಿನಲ್ಲಿ ಕೊರೆದ ಹಾಗೆ ಉಳಿಯುತ್ತದೆ. ಎಡ ಬಲ ತಪ್ಪುವುದು ಅಂದರೆ ಏನರ್ಥ?

ನೆನಪಿನ ಲ್ಯಾಬ್

ನೇರಮಾತು ಅವರೇ, ಕೇಳಬೇಕಾದ ಪ್ರಶ್ನೆಯೇ ಅದು. ಭಯ ಜಾಸ್ತಿ ಆದಷ್ಟೂ ನೆನಪು ಗಟ್ಟಿ ಅಂತ ನಮಗೆಲ್ಲ ಅನಿಸುತ್ತದೆ. ಇದನ್ನು ಅಮೆರಿಕದ ಸೈನಿಕರ ಮೇಲೆ ಪರೀಕ್ಷಿಸಿದ್ದಾರೆ. ಶತ್ರುವಿನ ಕೈಗೆ ಸಿಕ್ಕಿದರೆ ಹೇಗಿರಬೇಕು ಅಂತ ಕಲಿಸುವ ತರಬೇತಿಯಲ್ಲಿದ್ದ 500ಕ್ಕೂ ಹೆಚ್ಚು ಜನ. ಚಾರ್ಲ್ಸ್ ಮಾರ್ಗನ್ ತಂಡದ ಈ ಅಧ್ಯಯನ ಬಂದದ್ದು 2004ರಲ್ಲಿ. ಸುಮಾರು 40 ನಿಮಿಷ ಎದುರೆದುರು ನಿಂತು ವಿಚಾರಣೆ ಮಾಡಿದವನನ್ನು ಮಾರನೇ ದಿನ ಸಾಲಿನಲ್ಲಿ ನಿಲ್ಲಿಸಿ ಗುರುತಿಸಿ ಅಂದರು. ಮೈಮುಟ್ಟಿ ಹೆದರಿಸಿದ ವಿಚಾರಣೆ ಅನುಭವಿಸಿದವರಲ್ಲಿ ಸರಿಯಾಗಿ ಗುರುತಿಸಿದ್ದು ಸುಮಾರು 30%. ಅಷ್ಟು ಹೆದರಿಸದ ವಿಚಾರಣೆಯ ನಂತರ ಸುಮಾರು 62%. ಇವರು ಆರಿಸಿ ತಂದ, ಗಟ್ಟಿಮುಟ್ಟಾದ ಸೈನಿಕರು.

ಇರಿದ ಘಟನೆ ಮರೆಯುವುದಿಲ್ಲ, ಅದು ಸರಿ. ಘಟನೆಯ ನಡುಭಾಗ ಉಳಿಯುತ್ತದೆ. ಪಕ್ಕದ ವಿವರ, ದಿಕ್ಕು, ಎಷ್ಟು ಹೊತ್ತು, ಯಾವುದು ಮೊದಲು ಯಾವುದು ಆಮೇಲೆ, ಇವೇ ಜಾರಿಹೋಗುವುದು. ಆಯುಧ ಎದುರಿಗಿದ್ದರೆ ಕಣ್ಣು ಅದಕ್ಕೇ ಅಂಟಿಕೊಳ್ಳುತ್ತದೆ, ಹಿಡಿದವನ ಮುಖ ಮಸುಕು.

ನಿವೃತ್ತ ಇನ್‌ಸ್ಪೆಕ್ಟರ್

ತಮ್ಮಾ, ಮೊದಲು ಒಂದು ಮಾತು. ಆಡಿಯೊ ಹಾಕಿ ನಿನ್ನ ಮಾತಿನ ನಿಮಿಷ ಎಣಿಸಿದೆಯಲ್ಲ, ಅದನ್ನು ನಾನು ಕೆಲಸಕ್ಕೆ ಸೇರಿ ಹದಿನೈದು ವರ್ಷ ಮಾಡಿರಲಿಲ್ಲ. ಹಾಗಾಗಿ ಬೈಯುವ ಯೋಗ್ಯತೆ ನನಗಿಲ್ಲ.

ನಮ್ಮ ಕಾಲದಲ್ಲಿ ಸಾಕ್ಷಿಯನ್ನು ಗದರಿಸುವವರು ಒಂದು ಕಡೆ, ನಿನ್ನ ಹಾಗೆ ಕರಗುವವರು ಇನ್ನೊಂದು ಕಡೆ. ಗದರಿಸುವವನ ಎದುರು ಸಾಕ್ಷಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಕನಿಷ್ಠ ಕಾಗದ ಖಾಲಿ ಇರುತ್ತಿತ್ತು. ಕರಗುವವನ ಕಾಗದ ತುಂಬಿರುತ್ತಿತ್ತು, ತುಂಬಿಸಿದ್ದು ಅವನೇ. ಎರಡನೆಯದ್ದೇ ಅಪಾಯ, ಯಾಕೆಂದರೆ ಮೇಲಿನವರು ನೋಡಿ "ಭೇಷ್, ಒಳ್ಳೇ ಹೇಳಿಕೆ" ಅನ್ನುತ್ತಾರೆ.

ಫಿಶರ್ ಮತ್ತು ಗೈಸೆಲ್ಮನ್ ಅಂತ ಇಬ್ಬರು ಮನೋವಿಜ್ಞಾನಿಗಳು. 1987ರಲ್ಲಿ ಅಮೆರಿಕದ ಪತ್ತೇದಾರರ ನಿಜವಾದ ಟೇಪುಗಳನ್ನು ತಮ್ಮ ಸಹೋದ್ಯೋಗಿಯ ಜೊತೆ ಕೂತು ಕೇಳಿದರು. ಸಾಕ್ಷಿ ಬಾಯಿಬಿಟ್ಟ ಮೇಲೆ ಅಧಿಕಾರಿ ನಡುವೆ ಬಾಯಿ ಹಾಕಲು ತೆಗೆದುಕೊಂಡದ್ದು ಸರಾಸರಿ ಏಳೂವರೆ ಸೆಕೆಂಡು. ತರಬೇತಿಯಲ್ಲಿ ಇದನ್ನು ಕೇಳಿ ನಾವೆಲ್ಲ ನಕ್ಕೆವು. ಮರುದಿನ ನನ್ನದೇ ಟೇಪ್ ಹಾಕಿ ನೋಡಿದೆ. ನನ್ನದು ಐದು.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಸಾಕ್ಷಿ ನಿಂತರೆ, ನನ್ನ ಅಂಗಿಯ ಗುಂಡಿಗಳನ್ನು ಮನಸ್ಸಿನಲ್ಲೇ ಮೇಲಿಂದ ಕೆಳಕ್ಕೆ ಎಣಿಸುವುದು, ನಿಧಾನಕ್ಕೆ. ಮತ್ತೆ ಕೆಳಗಿಂದ ಮೇಲಕ್ಕೆ. ಅಷ್ಟರೊಳಗೆ ಹತ್ತರಲ್ಲಿ ಎಂಟು ಜನ ತಾವಾಗಿಯೇ ಮುಂದುವರಿಸುತ್ತಾರೆ. ಉಳಿದ ಇಬ್ಬರಿಗೆ ಕೇಳುತ್ತಿದ್ದದ್ದು ಇಷ್ಟೇ: "ನಿಧಾನಕ್ಕೆ ಹೇಳಿ, ಅವಸರ ಇಲ್ಲ." ಮುಂದಕ್ಕೆ ಬಾಗಬಾರದು. ಪೆನ್ನು ಎತ್ತಬಾರದು. ಪೆನ್ನು ಎತ್ತಿದರೆ ಏನೋ ಬರೆಸಬೇಕು ಅಂತ ಅವರಿಗೆ ಅನಿಸುತ್ತದೆ.

ಒಮ್ಮೆ ಒಬ್ಬ ಹುಡುಗ, ಹತ್ತೊಂಬತ್ತು ವರ್ಷ ಇರಬೇಕು. ಗೆಳೆಯ ಸತ್ತದ್ದನ್ನು ನೋಡಿದ್ದ. ನಾಲ್ಕು ನಿಮಿಷ ಮಾತಿಲ್ಲ. ಗೋಡೆ ಗಡಿಯಾರ ನೋಡಿ ಹೇಳುತ್ತಿದ್ದೇನೆ, ನಾಲ್ಕು ನಿಮಿಷ. ಜೊತೆಗಿದ್ದ ರೈಟರ್ ಎರಡು ಸಲ ನನ್ನ ಮುಖ ನೋಡಿದ. ಆಮೇಲೆ ಹುಡುಗ ಹೇಳಿದ್ದು: "ಅವನ ಚಪ್ಪಲಿ ಶಬ್ದ ಮಾಡುತ್ತಿತ್ತು ಸಾರ್. ಒಂದೇ ಕಾಲಿನದ್ದು." ಕೊಂದವನ ಒಂದು ಚಪ್ಪಲಿಯ ಅಟ್ಟೆ ಕಿತ್ತಿತ್ತು. ಅದನ್ನು ಕೇಳಬೇಕು ಅಂತ ಯಾವ ಪ್ರಶ್ನೆಪಟ್ಟಿಯಲ್ಲಿ ಇರುತ್ತದೆ ಹೇಳು?

ಮನದಾಳ

ಆಪ್ತಸಮಾಲೋಚಕಿ. ಘಟನೆ ನಡೆದ ದಿನಗಳಲ್ಲಿ ಠಾಣೆಯಿಂದ ನಮ್ಮ ಹತ್ತಿರ ಜನ ಬರುತ್ತಾರೆ.

ನಿಮ್ಮ ಸಾಕ್ಷಿ "ಅಷ್ಟರಲ್ಲಿ" ಅಂದು ನಿಂತದ್ದು, ನೋಟ ಒಂದೇ ಕಡೆ ನಿಂತದ್ದು, ಉಗುರು ಉಜ್ಜಿದ್ದು ಓದಿದೆ. ನಾನು ಅಲ್ಲಿರಲಿಲ್ಲ, ಹಾಗಾಗಿ ಖಚಿತವಾಗಿ ಹೇಳುವುದಿಲ್ಲ. ಆದರೆ ಆ ಗಳಿಗೆಯಲ್ಲಿ ಅವರು ನಿಮ್ಮ ಕೋಣೆಯಲ್ಲಿ ಇರಲಿಲ್ಲ ಅನಿಸುತ್ತದೆ. ಮೈ ಇಲ್ಲಿ, ಮನಸ್ಸು ಅಲ್ಲಿ. ಆ ಸ್ಥಿತಿಯಲ್ಲಿ ಯಾರು ಏನು ಕೇಳಿದರೂ ತಲೆ ಆಡುತ್ತದೆ. "ನಿಮ್ಮ ಹೆಸರು ಬೇರೆ, ಅಲ್ವಾ?" ಅಂದಿದ್ದರೂ ಆಡುತ್ತಿತ್ತೇನೋ.

ಆಗ ಘಟನೆಯ ಪ್ರಶ್ನೆ ನಿಲ್ಲಿಸಿ. ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಎರಡೂ ಪಾದ ನೆಲಕ್ಕೆ ಊರಲು ಹೇಳಿ. ಕೋಣೆಯಲ್ಲಿ ಏನೇನು ಕಾಣುತ್ತಿದೆ ಅಂತ ಕೇಳಿ. ನೀರಿನ ಲೋಟ ಕೈಗೆ ಕೊಡಿ, ತಣ್ಣಗಿನದ್ದು ಒಳ್ಳೆಯದು. ಭುಜ ಮುಟ್ಟಬೇಡಿ, ಎಷ್ಟೇ ಮನಸ್ಸಾದರೂ. ಅವರು ವಾಪಸ್ ಬಂದ ಮೇಲೆ, ಮುಂದುವರಿಸೋಣವಾ, ಸ್ವಲ್ಪ ಹೊತ್ತು ಬಿಡೋಣವಾ, ಇನ್ನೊಂದು ದಿನ ನೋಡೋಣವಾ ಅಂತ ಕೇಳಿ. ಆರಿಸುವುದು ಅವರೇ ಆಗಲಿ. ಆ ರಾತ್ರಿ ಅವರ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಾದರೂ ಏನೋ ಒಂದು ಅವರ ಕೈಯಲ್ಲಿರಲಿ.

ಇನ್ನೊಂದು. ಅಳದವರನ್ನು, ನಗುವವರನ್ನು ಅನುಮಾನಿಸಬೇಡಿ. ಮಗಳು ಸತ್ತ ತಾಯಿ ನನ್ನೆದುರು ಚೀಟಿ ಓದಿದ ಹಾಗೆ ಹೇಳಿ ಮುಗಿಸಿದ್ದಾರೆ. ಹಾಗೆಯೇ, "ಯಾಕೆ ಕೂಗಲಿಲ್ಲ, ಯಾಕೆ ಓಡಲಿಲ್ಲ" ಅನ್ನುವ ಪ್ರಶ್ನೆ. ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಅತ್ಯಾಚಾರದ ನಂತರ ಬಂದ 298 ಮಹಿಳೆಯರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 70% ಮಹಿಳೆಯರು ಆ ಹೊತ್ತಿನಲ್ಲಿ ಮೈ ಮರಗಟ್ಟಿ ನಿಂತದ್ದನ್ನು ಹೇಳಿದ್ದಾರೆ. ಅವರು ಸುಮ್ಮನಿದ್ದದ್ದಲ್ಲ, ಮೈಯೇ ಮಾತು ಕೇಳಲಿಲ್ಲ. "ಯಾಕೆ" ಅಂತ ಶುರುವಾಗುವ ಪ್ರಶ್ನೆ ಕಿವಿಗೆ ಬೀಳುವುದು "ತಪ್ಪು ನಿನ್ನದೇ" ಅಂತ. "ಆಗ ನಿಮ್ಮ ಮೈಗೆ ಏನಾಗುತ್ತಿತ್ತು?" ಅಂತ ಕೇಳಿದರೆ ಅದೇ ವಿಷಯ ಬರುತ್ತದೆ, ಗಾಯ ಆಗುವುದಿಲ್ಲ.

ಕಪ್ಪುಕೋಟು

ಮನದಾಳ ಮೇಡಂ, ಗೌರವ ಇಟ್ಟೇ ಕೇಳುತ್ತೇನೆ. ಇತ್ತೀಚೆಗೆ ಒಂದು ಟ್ರೆಂಡ್ ನೋಡುತ್ತಿದ್ದೇನೆ. ಸಾಕ್ಷಿಯ ಮಾತು ಒಂದೇ ರೀತಿ ಇದ್ದರೆ "ನೋಡಿ, ಎಷ್ಟು ಸ್ಥಿರ, ನಿಜವೇ". ಬದಲಾದರೆ "ಆಘಾತ ಆಗಿದೆಯಲ್ಲ, ಹಾಗೇ ಆಗುವುದು, ಅದೂ ನಿಜವೇ". ಹಾಗಾದರೆ ನನ್ನ ಕಕ್ಷಿದಾರ ಯಾವ ಬಾಗಿಲಿನಿಂದ ಆಚೆ ಬರಬೇಕು?

ನೆನಪಿನ ಲ್ಯಾಬ್

ಈ ವಿಷಯದಲ್ಲಿ ನಾನು ವಕೀಲರ ಕಡೆ. ಆಘಾತ ಆದಾಗ ಮೆದುಳಿನ ಇಂಥ ಭಾಗ ಬಂದ್ ಆಗುತ್ತದೆ, ಅದಕ್ಕೇ ನೆನಪು ಚೂರುಚೂರು ಅಂತ ಕೆಲವು ತರಬೇತಿಗಳಲ್ಲಿ ಬಣ್ಣದ ಚಿತ್ರ ಹಾಕಿ ಹೇಳಿಕೊಡುತ್ತಾರೆ. ನಮಗೆ ಗೊತ್ತಿರುವುದಕ್ಕಿಂತ ಜಾಸ್ತಿ ಹೇಳುತ್ತಾರೆ. ಅದರ ಮೇಲೆ ಕಟ್ಟಿದ ಕೆಲವು ಸಂದರ್ಶನ ವಿಧಾನಗಳಿಗೆ ಸರಿಯಾದ ಪರೀಕ್ಷೆಯೇ ಆಗಿಲ್ಲ ಅಂತ ಸಂಶೋಧಕರು ಬಹಿರಂಗವಾಗಿ ಟೀಕಿಸಿದ್ದಾರೆ.

ಮಾತು ಬದಲಾದರೆ ಸುಳ್ಳು ಅನ್ನಲಾಗದು. ಬದಲಾದದ್ದೇ ಆಘಾತಕ್ಕೆ ಪುರಾವೆ ಅಂತಲೂ ಅನ್ನಲಾಗದು. ಒಂದೊಂದು ವಿವರವನ್ನೂ ಬೇರೆ ಕಡೆಯಿಂದ ತಾಳೆ ನೋಡುವುದು ಬಿಟ್ಟು ಅಡ್ಡದಾರಿ ಇಲ್ಲ. ಎರಡನೇ ಸಲ ಕೇಳಿದಾಗ ಹೊಸ ವಿವರ ಬಂದರೆ ಕೋರ್ಟಿನಲ್ಲಿ ಮುಖ ಸಿಂಡರಿಸುತ್ತಾರೆ. ಆದರೆ ಹಾಗೆ ತಡವಾಗಿ ನೆನಪಾದ ವಿವರಗಳು ಬಹುಪಾಲು ಸರಿಯೇ ಇರುತ್ತವೆ ಅಂತ ಪ್ರಯೋಗಗಳು ತೋರಿಸಿವೆ. ಹೊಸದಾಗಿ ಸೇರುವುದು ಬೇರೆ, ಮೊದಲು ಹೇಳಿದ್ದಕ್ಕೆ ಉಲ್ಟಾ ಹೇಳುವುದು ಬೇರೆ.

ಮನದಾಳ

ಒಪ್ಪುತ್ತೇನೆ. ವಕೀಲ ಸಾರ್, ನಾನು ಕೇಳುತ್ತಿರುವುದು ಅವರನ್ನು ನಂಬಿ ಅಂತ ಅಲ್ಲ. ಮಾತಾಡುವ ಸ್ಥಿತಿಯಲ್ಲಿ ಇಡಿ ಅಂತ. ನಂಬುವುದು ಬಿಡುವುದು ಆಮೇಲಿನ ಕೆಲಸ, ಅದು ನನ್ನದೂ ಅಲ್ಲ.

ನೇರಮಾತು

ಎಲ್ಲ ಸರಿ. ಆದರೆ ಕೊಲೆ ಮಾಡಿದವನು ಓಡಿಹೋಗುತ್ತಿರುವಾಗ ಪಾದ ನೆಲಕ್ಕೆ ಊರಿ, ತಣ್ಣೀರು ಕುಡಿಯಿರಿ ಅನ್ನುತ್ತಾ ಕೂರುವುದಾ? ಎರಡು ರಾತ್ರಿ ನಿದ್ದೆ ಆಗಲಿ, ಆಮೇಲೆ ಕೇಳಿ ಅಂತಲೂ ಎಲ್ಲೋ ಓದಿದೆ. ಅಷ್ಟರಲ್ಲಿ ಅವನು ಎಲ್ಲಿರುತ್ತಾನೋ!

ನಿವೃತ್ತ ಇನ್‌ಸ್ಪೆಕ್ಟರ್

ಅದಕ್ಕೇ ಎರಡು ಕೆಲಸವನ್ನು ಕಲಸಬಾರದು ಅನ್ನುವುದು. ಸ್ಥಳದಲ್ಲಿ ಕೇಳುವುದು ನಾಲ್ಕೈದು ಮಾತು. ಏನಾಯಿತು, ಯಾರು, ಯಾವ ಕಡೆ ಹೋದ, ಕೈಯಲ್ಲಿ ಏನಿತ್ತು, ಬೇರೆ ಯಾರಿಗಾದರೂ ಅಪಾಯ ಇದೆಯಾ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು ವೈರ್‌ಲೆಸ್‌ನಲ್ಲಿ ಹೇಳಿ ಮುಗಿಸು. ಪೂರ್ತಿ ಹೇಳಿಕೆ ಬೇರೆ ದಿನ, ಬೇರೆ ಕೋಣೆ. ಈ ಹುಡುಗ ಮಾರನೇ ದಿನ ಕೂತಿದ್ದು ತಪ್ಪಲ್ಲ. ಕೂತು ಮಾಡಿದ್ದು ತಪ್ಪು.

ನೆನಪಿನ ಲ್ಯಾಬ್

ಎರಡು ರಾತ್ರಿಯ ಲೆಕ್ಕವನ್ನು ನಿಯಮ ಮಾಡಿಕೊಳ್ಳಬೇಡಿ. ನಿದ್ದೆಗೆಟ್ಟವರಿಗೆ ನಿದ್ದೆ ಬೇಕು, ಸರಿ. ಆದರೆ ಕಾದಷ್ಟೂ ಮರೆವು. ಜೊತೆಗೆ ಬಂಧುಗಳ ಮಾತು, ಸುದ್ದಿ, ಫೋನಿನಲ್ಲಿ ಓಡಾಡುವ ವಿಡಿಯೊ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1992ರ ಅಕ್ಟೋಬರ್‌ನಲ್ಲಿ ಸರಕು ವಿಮಾನವೊಂದು ವಸತಿ ಕಟ್ಟಡಕ್ಕೆ ಬಿತ್ತು. ಬಿದ್ದ ಕ್ಷಣದ ವಿಡಿಯೊ ಯಾರ ಹತ್ತಿರವೂ ಇರಲಿಲ್ಲ. ಹತ್ತು ತಿಂಗಳ ನಂತರ, ಬಿದ್ದ ಕ್ಷಣವನ್ನು ಟಿವಿಯಲ್ಲಿ ನೋಡಿದಿರಾ ಅಂತ ಡಚ್ ಸಂಶೋಧಕರು ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಜನ ಹೌದು ಅಂದರು. ಕೆಲವರು ಅದರ ವಿವರವನ್ನೂ ಕೊಟ್ಟರು!

ತುಂಬ ಸಾಕ್ಷಿಗಳಿದ್ದು ಎಲ್ಲರನ್ನೂ ಬೇಗ ಮಾತಾಡಿಸಲು ಆಗದಿದ್ದರೆ ಇನ್ನೊಂದು ದಾರಿ ಇದೆ. ಅವರೇ ಬರೆದುಕೊಡುವ ಪುಸ್ತಿಕೆ. ಫಿಯೊನಾ ಗ್ಯಾಬರ್ಟ್, ಲೊರೇನ್ ಹೋಪ್ ಮತ್ತು ಮೇಲೆ ಹೇಳಿದ ಫಿಶರ್ 2009ರಲ್ಲಿ ಪ್ರಕಟಿಸಿದ್ದು. ಕೂಡಲೇ ಬರೆದವರಿಗೆ ವಾರದ ನಂತರವೂ ವಿವರ ಜಾಸ್ತಿ ಉಳಿದಿತ್ತು. ಆದರೆ ಈ ಅಕ್ಕನಂಥವರ ಕೈಗೆ ಪುಸ್ತಿಕೆ ಕೊಟ್ಟು ಒಂಟಿಯಾಗಿ ಕೂರಿಸುವುದು ನನಗೆ ಸರಿಕಾಣುವುದಿಲ್ಲ.

ಸಾಕ್ಷಿ ನಂ. 4

ತುಂಬ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ನೀವೆಲ್ಲ ಕುರ್ಚಿಯ ಆ ಕಡೆಯವರು. ನಾನು ಈ ಕಡೆ ಕೂತವಳು.

ನಾನು ಒಂದೇ ಕಥೆಯನ್ನು ಆರು ಜನರಿಗೆ ಹೇಳಿದೆ. ಮೊದಲು ಬಂದವರಿಗೆ, ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ಎರಡು ಸಲ, ಆಮೇಲೆ ಬದಲಾಗಿ ಬಂದ ಅಧಿಕಾರಿಗೆ, ಸರ್ಕಾರಿ ವಕೀಲರಿಗೆ. ಮೂರನೇ ಸಲಕ್ಕೆ ನನಗೆ ನನ್ನ ಕಥೆ ಬಾಯಿಪಾಠ ಆಗಿತ್ತು. ಯಾವ ಜಾಗದಲ್ಲಿ ಕೇಳುವವರು ಹೂಂಗುಟ್ಟುತ್ತಾರೆ, ಯಾವ ಜಾಗದಲ್ಲಿ ಬರೆಯುವುದು ನಿಲ್ಲಿಸುತ್ತಾರೆ ಅಂತ ಗೊತ್ತಾಗಿತ್ತು. ಬರೆಯುವುದು ನಿಲ್ಲಿಸಿದ ಜಾಗಗಳನ್ನು ನಾನೇ ಬಿಡುತ್ತಾ ಹೋದೆ. ಸುಳ್ಳು ಹೇಳಲಿಲ್ಲ. ಅವರಿಗೆ ಬೇಡದ್ದನ್ನು ಹೇಳಲಿಲ್ಲ, ಅಷ್ಟೇ. ಬಿಟ್ಟದ್ದರಲ್ಲೇ ಒಂದು ಕೊನೆಗೆ ಮುಖ್ಯವಾಯಿತು. "ಮೊದಲೇ ಯಾಕೆ ಹೇಳಲಿಲ್ಲ?" ಅಂದರು. ಹೇಳಿದ್ದೆ. ಮೊದಲನೆಯವರಿಗೆ.

ಇನ್ನು ಹೇಳಿಕೆ ಓದಿ ಹೇಳಿದ್ದು. ನಾನು ಹೇಳಿದ್ದು: "ಅವನು ಏನೋ ಕಿರುಚಿದ, ಕೆಟ್ಟ ಮಾತು, ನಂಗೆ ಪೂರ್ತಿ ಕೇಳಿಸಲಿಲ್ಲ, ಕಿವಿ ಗುಂಯ್ ಅಂತಿತ್ತು." ಅವರು ಓದಿದ್ದು: "ಸದರಿ ಆರೋಪಿಯು ನನ್ನನ್ನು ಉದ್ದೇಶಿಸಿ ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾನೆ." ನನ್ನ ಕಿವಿ ಎಲ್ಲಿ ಹೋಯಿತು? ನಾನು ಜನ್ಮದಲ್ಲಿ "ಸದರಿ" ಅಂದವಳಲ್ಲ. ಆದರೂ ಸಹಿ ಹಾಕಿದೆ. ಮನೆಗೆ ಹೋದರೆ ಸಾಕಿತ್ತು.

ಕೋರ್ಟಿನಲ್ಲಿ ಯಾವ ಅವಾಚ್ಯ ಶಬ್ದ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಹಾಗಾದರೆ ಹೇಳಿಕೆ ಸುಳ್ಳಾ ಅಂದರು.

ಒಬ್ಬರು ಮಾತ್ರ ಬೇರೆ ಥರ. ಬದಲಾಗಿ ಬಂದ ಆ ಅಧಿಕಾರಿ. ಕೂರುವ ಮೊದಲು ಕೇಳಿದರು: "ಬಾಗಿಲು ಕಾಣುವ ಕುರ್ಚಿ ಬೇಕಾ, ಕಿಟಕಿ ಕಾಣುವುದು ಬೇಕಾ?" ನಾನು ಬಾಗಿಲು ಕಾಣುವುದು ಅಂದೆ. ಎಷ್ಟು ಹೊತ್ತು ಆಗಬಹುದು, ಯಾಕೆ ರೆಕಾರ್ಡ್ ಮಾಡುತ್ತಾರೆ, ಯಾರು ಕೇಳುತ್ತಾರೆ ಎಲ್ಲ ಹೇಳಿದರು. "ನಾನು ಅಲ್ಲಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ನಾನು ತಪ್ಪು ಹೇಳಿದರೆ ಅಲ್ಲೇ ತಡೆಯಿರಿ" ಅಂದರು. ಮಧ್ಯದಲ್ಲಿ ಬೇಕಂತಲೇ ಒಂದು ಸಣ್ಣ ವಿಷಯ ತಪ್ಪು ಹೇಳಿದರು, ನಾನು ತಿದ್ದಿದೆ. "ಹಾಂ, ಹೀಗೇ" ಅಂದರು. ಆಮೇಲೆ ನನಗೆ ಧೈರ್ಯ ಬಂತು.

ಮನದಾಳ

ನಾಲ್ಕು ಅವರೇ, ಬರೆದದ್ದಕ್ಕೆ ಥ್ಯಾಂಕ್ಸ್. ಹುಷಾರಾಗಿರಿ. ಓದುವುದು ಭಾರ ಅನಿಸಿದರೆ ಪುಟ ಮುಚ್ಚಿಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ದುಭಾಷಿ

"ಸದರಿ" ಓದಿ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ನಾವು ದುಭಾಷಿಗಳು ಇನ್ನೂ ಕಡೆ. ಸಾಕ್ಷಿ "ಅವನು... ಅಲ್ಲ ಅದು... ಕೆಂಪು ಅನ್ಸುತ್ತೆ... ಗೊತ್ತಿಲ್ಲ" ಅಂದರೆ ನಾವು "ಕೆಂಪು ಬಣ್ಣದ ಅಂಗಿ" ಅಂತ ನೀಟಾಗಿ ಹೇಳಿಬಿಡುತ್ತೇವೆ. ಅರ್ಧಂಬರ್ಧ ಹೇಳಿದರೆ ನಮ್ಮ ಭಾಷಾಂತರ ಚೆನ್ನಾಗಿಲ್ಲ ಅಂದುಕೊಳ್ಳುತ್ತಾರೆ ಅನ್ನುವ ಭಯ. "ಅನ್ಸುತ್ತೆ" ಒಂದು ಬಿದ್ದುಹೋಯಿತು ಅಂದರೆ ಒಬ್ಬನ ತಲೆ ಮೇಲೆ ಕೆಂಪಂಗಿ ಬಂದು ಕೂತಿತು.

ಅಧಿಕಾರಿಗಳಿಗೆ ಒಂದು ಕೋರಿಕೆ. ಶುರುವಿಗೆ ಮೊದಲೇ ನಮಗೆ ಹೇಳಿ: ತಡವರಿಸಿದರೆ ನೀನೂ ತಡವರಿಸು, ವಾಕ್ಯ ಮುರಿದರೆ ಮುರಿದೇ ಕೊಡು. ಮತ್ತೆ ಸಾಕ್ಷಿಯ ಮುಖ ನೋಡಿ ಮಾತಾಡಿ, ನನ್ನ ಮುಖ ಅಲ್ಲ.

ಓದುಗ

ಪ್ರಶ್ನೆ: ಕಾಗ್ನಿಟಿವ್ ಇಂಟರ್‌ವ್ಯೂ ಅಂತ ಕೇಳಿದ್ದೇನೆ. ಘಟನೆ ನಡೆದ ಜಾಗಕ್ಕೆ ಮನಸ್ಸಿನಲ್ಲೇ ವಾಪಸ್ ಕರೆದುಕೊಂಡು ಹೋಗುವುದಂತೆ. ಆಘಾತ ಆದವರಿಗೆ ಅದು ಹಿಂಸೆ ಅಲ್ವಾ?

ನೆನಪಿನ ಲ್ಯಾಬ್

ಅದನ್ನು 1984ರ ಸುಮಾರಿಗೆ ರೂಪಿಸಿದ್ದೂ ಅದೇ ಫಿಶರ್ ಮತ್ತು ಗೈಸೆಲ್ಮನ್. ಜಾಗ, ಬೆಳಕು, ಶಬ್ದ, ಆಗಿನ ಮನಸ್ಥಿತಿ ಎಲ್ಲವನ್ನೂ ಮನಸ್ಸಿಗೆ ತಂದುಕೊಳ್ಳುವುದು. ಮುಖ್ಯವಲ್ಲ ಅನಿಸಿದ್ದನ್ನೂ ಬಿಡದೆ ಹೇಳುವುದು. ಕೊನೆಯಿಂದ ಹಿಂದಕ್ಕೆ ಹೇಳುವುದು. ಬೇರೆಯವರು ನಿಂತ ಜಾಗದಿಂದ ನೋಡಿದ ಹಾಗೆ ಹೇಳುವುದು. ಇದರಿಂದ ಸರಿಯಾದ ವಿವರ ಗಮನಾರ್ಹವಾಗಿ ಜಾಸ್ತಿ ಬರುತ್ತದೆ, ತಪ್ಪೂ ಒಂಚೂರು ಹೆಚ್ಚುತ್ತದೆ. ಕೊನೆಯದನ್ನು ನಾನಂತೂ ಬಳಸುವುದಿಲ್ಲ, ಊಹೆಗೆ ದಾರಿ ಮಾಡಿಕೊಡುತ್ತದೆ.

ನಿಮ್ಮ ಪ್ರಶ್ನೆಗೆ: ಹೌದು, ಕೆಲವರಿಗೆ ಹಿಂಸೆಯೇ. ಅದಕ್ಕೇ ಬಲವಂತ ಇಲ್ಲ. ಕಣ್ಣು ಮುಚ್ಚಿದರೆ ನೆನಪು ಸುಲಭ ಅಂತ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಹೆದರಿದವರಿಗೆ ಅಪರಿಚಿತರ ಎದುರು ಕಣ್ಣು ಮುಚ್ಚಲು ಆಗುವುದಿಲ್ಲ. ಗೋಡೆಯ ಒಂದು ಚುಕ್ಕೆ ನೋಡುತ್ತಾ ಹೇಳಿ ಅನ್ನಬಹುದು. ಇನ್ನೂ ಒಳ್ಳೆಯದು, ಖಾಲಿ ಹಾಳೆ ಕೊಟ್ಟು ಜಾಗದ ನಕ್ಷೆ ಬಿಡಿಸಲು ಹೇಳುವುದು. ಎಷ್ಟು ಹತ್ತಿರ ಹೋಗಬೇಕು ಅನ್ನುವುದು ಆಗ ಅವರ ಕೈಯಲ್ಲೇ ಇರುತ್ತದೆ.

ಕಪ್ಪುಕೋಟು

ಗುರುತಿನ ಪರೇಡ್ ಇನ್ನೂ ಆಗಿಲ್ಲದಿದ್ದರೆ, ಹೊಸ ತನಿಖಾಧಿಕಾರಿ, ಅಲ್ಲಿ ನೀವು ಕಾಲಿಡಬೇಡಿ. ಆರೋಪಿ ಯಾರು ಅಂತ ಗೊತ್ತಿಲ್ಲದವರು ನಡೆಸಲಿ. ನಿಮ್ಮಂಥ ಮೃದು ಮನಸ್ಸಿನವರ ಮುಖವೇ ಉತ್ತರ ಹೇಳಿಬಿಡುತ್ತದೆ.

ರೊನಾಲ್ಡ್ ಕಾಟನ್ ಕೇಸು ಓದಿ. ಅಮೆರಿಕದ ನಾರ್ತ್ ಕರೊಲಿನಾ, 1984. ಅತ್ಯಾಚಾರಕ್ಕೆ ಒಳಗಾದ ಯುವತಿ ಆ ಹೊತ್ತಿನಲ್ಲೇ ಅವನ ಮುಖವನ್ನು ಬೇಕಂತಲೇ ಮನಸ್ಸಿಗೆ ಹಾಕಿಕೊಂಡವರು. ಫೋಟೊಗಳಲ್ಲಿ ಕಾಟನ್‌ನನ್ನು ಆರಿಸಿದರು. ಸರಿಯಾಗಿ ಮಾಡಿದಿರಿ ಅಂತ ಪೊಲೀಸರು ಬೆನ್ನು ತಟ್ಟಿದರು. ಸಾಲಿನಲ್ಲಿ ನಿಲ್ಲಿಸಿದಾಗಲೂ ಅವನನ್ನೇ ತೋರಿಸಿದರು. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಎದುರಿಗೆ ತಂದಾಗ, ಇವನನ್ನು ನೋಡಿಯೇ ಇಲ್ಲ ಅಂದರು. ಕಾಟನ್ ಹತ್ತು ವರ್ಷಕ್ಕೂ ಜಾಸ್ತಿ ಒಳಗಿದ್ದ. 1995ರಲ್ಲಿ ಡಿಎನ್‌ಎ ಬಿಡಿಸಿತು. ಆ ಹೆಣ್ಣುಮಗಳು ಸುಳ್ಳು ಹೇಳಿರಲಿಲ್ಲ. ಆಮೇಲೆ ಅವರಿಬ್ಬರೂ ಒಟ್ಟಿಗೆ ಊರೂರು ತಿರುಗಿ ಇದನ್ನೇ ಹೇಳಿದರು.

ನೇರಮಾತು

ಇದು ನನಗೆ ಗೊತ್ತಿರಲಿಲ್ಲ. ಓದುತ್ತೇನೆ.

ನಿವೃತ್ತ ಇನ್‌ಸ್ಪೆಕ್ಟರ್

ತಮ್ಮಾ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1992ರ ಸುಮಾರಿಗೆ ಹೇಳಿಕೆ ತೆಗೆದುಕೊಳ್ಳಲು ಪೀಸ್ (PEACE, ಐದು ಹಂತಗಳ ಇಂಗ್ಲಿಷ್ ಮೊದಲಕ್ಷರ) ಅಂತ ಒಂದು ಕ್ರಮ ತಂದರು. ತಯಾರಿ, ಪರಿಚಯ, ಅವರ ಮಾತು, ಮುಕ್ತಾಯ, ಕೊನೆಗೆ ನಮ್ಮದೇ ವಿಮರ್ಶೆ. ನಾವೆಲ್ಲ ಕೊನೆಯದನ್ನು ಬಿಟ್ಟುಬಿಡುತ್ತೇವೆ. ನೀನು ಆಡಿಯೊ ಕೇಳಿದ್ದು ಅದೇ. ಇನ್ನು ಮೇಲೆ ಪ್ರತಿ ಹೇಳಿಕೆ ಆದಮೇಲೂ ಕೇಳು.

ಮೂರನೇ ಸಲ ಆ ಹೆಣ್ಣುಮಗಳನ್ನು ಕೂರಿಸುವುದಾದರೆ ನೀನು ಬೇಡ. ಬೇರೆಯವರು ಕೂರಲಿ, ನಿನ್ನ ಹೇಳಿಕೆ ಓದದೆ. ಸಿಸಿಟಿವಿ ತೋರಿಸಬೇಡಿ. "ಹಿಂದೆ ಹೀಗೆ ಅಂದಿದ್ದಿರಿ" ಅನ್ನಬೇಡಿ. ಎಡಗಡೆ ಅನ್ನುವುದು ಇನ್ನು ಹೋಗದಿರಬಹುದು. ಹಾಗಾದರೆ ಅದನ್ನು ನೀನು ಹಾಳುಮಾಡಿದ್ದು ಅಂತ ಬರೆದು ಬಿಡು. ಬೇರೆ ಏನು ಉಳಿದಿದೆ ನೋಡಿ.

ಮತ್ತೆ, ನಿನಗೂ ನಿದ್ದೆ ಬರುತ್ತಿದೆಯಾ?

ಹೊಸ ತನಿಖಾಧಿಕಾರಿ

ಹದಿನೆಂಟು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಟಿಪ್ಪಣಿ ಬರೆದು ಕಡತಕ್ಕೆ ಹಾಕಿದೆ. ಮೇಲಿನವರಿಂದ ಬೈಗುಳ ಬಂತು, ಅದು ಇರಲಿ. ಬೇರೆ ವಿಭಾಗದ ಮೇಡಂ ಒಬ್ಬರು ಅಕ್ಕನ ಜೊತೆ ಕೂತರು. ನಾನು ಕೋಣೆಯಲ್ಲಿರಲಿಲ್ಲ. ಆಡಿಯೊ ಆಮೇಲೆ ಕೇಳಿದೆ. 63 ನಿಮಿಷ, ಮೇಡಂ ಮಾತಾಡಿದ್ದು ಒಂಬತ್ತು. ಕುರ್ಚಿಯ ಪ್ರಶ್ನೆ ಕೇಳಿದ್ದಾರೆ (ನಾಲ್ಕು ಅವರೇ, ಅದು ನಾನು ಹೇಳಿಕಳಿಸಿದ್ದು).

ಎಡಗಡೆ ಹೋಗಿಲ್ಲ. ಈಗಲೂ ಎಡಗಡೆ ಅನ್ನುತ್ತಾರೆ. ಚಾಕು ಬಗ್ಗೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಚಾಕು ನೋಡಿದೆನಾ, ಇಲ್ಲಾ ಆ ಸಾರ್ ಹೇಳಿದ್ದಾ, ನಂಗೆ ಗೊತ್ತಾಗ್ತಿಲ್ಲ" ಅಂದಿದ್ದಾರೆ. ಮೇಡಂ "ಗೊತ್ತಾಗದಿದ್ದರೆ ಹಾಗೇ ಬರೆಯೋಣ" ಅಂದರು. ಹಾಗೇ ಬರೆದಿದ್ದಾರೆ, "ಸದರಿ" ಇಲ್ಲದೆ.

"ಅಷ್ಟರಲ್ಲಿ..." ಅಂತ ಈ ಸಲವೂ ಅಲ್ಲೇ ನಿಂತರು. ಮೇಡಂ ಏನೂ ಅನ್ನಲಿಲ್ಲ. ಆಡಿಯೊದಲ್ಲಿ ಫ್ಯಾನಿನ ಶಬ್ದ ಮಾತ್ರ. ನಾನು ಗುಂಡಿ ಎಣಿಸಿದೆ. ನನ್ನ ಅಂಗಿಯ ಗುಂಡಿ ಮೂರು ಸಲ ಮುಗಿಯಿತು. ಆಮೇಲೆ ಅಕ್ಕ ಹೇಳಿದರು: "ಅವನು ನನ್ನ ತಮ್ಮನ ಹೆಸರು ಹಿಡಿದು ಕರೆದ. ಮನೇಲಿ ಕರೆಯೋ ಹೆಸರು."

ಇದು ದರೋಡೆ, ಗುರುತಿಲ್ಲದವನ ಕೆಲಸ ಅಂತ ಇಷ್ಟು ದಿನ ನಾವು ಅಂದುಕೊಂಡಿದ್ದೆವು.